ದಂಡಿನಿಂದ ಹೆಗ್ಗೋಡಿಗೆ: ಯುರೋಪಿನ ಸಿನಿಮಾ ನಮ್ಮೂರಿಗೆ ಬಂದ ದಾರಿ

‘ಅವಾರ್ಡ್ ಸಿನಿಮಾ’ ಅಂದರೆ ನಮ್ಮ ಊರುಗಳಲ್ಲಿ ಒಂದೇ ಅರ್ಥ. ಹಾಡಿಲ್ಲ, ಫೈಟಿಲ್ಲ, ನಿಧಾನ, ಕೊನೆಗೆ ಏನಾಯಿತು ಅಂತ ಗೊತ್ತಾಗುವುದಿಲ್ಲ. ಇನ್ನು ಇಟಲಿ, ಸ್ವೀಡನ್, ಜರ್ಮನಿಯ ಸಿನಿಮಾ ಅಂದರೆ ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿತವರ ಶೋಕಿ, ನಮಗಲ್ಲ ಅನ್ನುವ ಮಾತು.

ಈ ಎರಡೂ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಇತಿಹಾಸ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಯುರೋಪಿನ ಒಳ್ಳೆಯ ಸಿನಿಮಾಗಳಲ್ಲಿ ಹಲವು ರೈತರ, ಕೂಲಿಯವರ, ಕಳೆದುಹೋದ ಸೈಕಲ್ಲಿನ ಕಥೆಗಳು. ಕನ್ನಡದಲ್ಲಿ ಅವನ್ನು ಅರ್ಥ ಮಾಡಿಕೊಂಡು ಹೊಸ ಸಿನಿಮಾ ಮಾಡಿದವರು ಕ್ಯಾಮೆರಾ ಹೊತ್ತುಕೊಂಡು ಹೋಗಿದ್ದು ಹಳ್ಳಿಗೇ. ಹಾಗಿದ್ದರೆ ಆ ಸಿನಿಮಾಗಳು ಹಳ್ಳಿಯವರ ಕೈಗೆ ಯಾಕೆ ಸಿಗಲಿಲ್ಲ? ಅದನ್ನು ತಿಳಿಯಬೇಕಾದರೆ ಬೆಂಗಳೂರಿನ ಪೂರ್ವ ಭಾಗದಿಂದ ಶುರು ಮಾಡಬೇಕು.

ದಂಡು ಬೇರೆ, ಪೇಟೆ ಬೇರೆ

ಬ್ರಿಟಿಷರು 1809ರಲ್ಲಿ ಹಲಸೂರಿನ ಪಕ್ಕದಲ್ಲಿ ತಮ್ಮ ಸೈನ್ಯವನ್ನು ನೆಲೆಗೊಳಿಸಿದರು. ಅದೇ ಕಂಟೋನ್ಮೆಂಟ್. ಹಳೆಯ ಜನ ಅದನ್ನು ದಂಡು ಎನ್ನುತ್ತಿದ್ದರು. ರೈಲು ನಿಲ್ದಾಣದ ಬೋರ್ಡಿನಲ್ಲಿ ಇವತ್ತಿಗೂ ‘ಬೆಂಗಳೂರು ದಂಡು’ ಎಂದೇ ಇದೆ. ಕೆಂಪೇಗೌಡರು ಕಟ್ಟಿದ ಪೇಟೆ ಇನ್ನೊಂದು ಕಡೆ, ದಂಡು ಮತ್ತೊಂದು ಕಡೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗಲೂ ದಂಡನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಎರಡೂ ಸೇರಿ ಒಂದೇ ನಗರಪಾಲಿಕೆ ಆಗಿದ್ದು 1949ರಲ್ಲಿ.

ಅಂದರೆ ಒಂದೇ ಊರಿನಲ್ಲಿ ಎರಡು ಊರು. ಭಾಷೆ ಬೇರೆ, ಊಟ ಬೇರೆ, ಸಿನಿಮಾನೂ ಬೇರೆ.

ಶಿವಾಜಿನಗರದ ಎಲ್ಗಿನ್ ಟಾಕೀಸ್ ಬೆಂಗಳೂರಿನ ಅತ್ಯಂತ ಹಳೆಯ ಚಿತ್ರಮಂದಿರಗಳಲ್ಲಿ ಒಂದು ಎಂದು ಹೆಸರಾಗಿತ್ತು. ವೈಸ್‌ರಾಯ್ ಎಲ್ಗಿನ್ ಹೆಸರಿನ ಕಟ್ಟಡ ಅದು. ಇಂದಿನ ಎಂ.ಜಿ. ರಸ್ತೆಗೆ 1948ರವರೆಗೆ ಸೌತ್ ಪೆರೇಡ್ ಎಂದು ಹೆಸರಿತ್ತು. ಅಲ್ಲಿ 1936ರಲ್ಲಿ ಪ್ಲಾಜಾ ಬಂತು. ಬ್ರಿಗೇಡ್ ರಸ್ತೆಯಲ್ಲಿ ರೆಕ್ಸ್, ಅದೇ ರಸ್ತೆಯ ತುದಿಯಲ್ಲಿ ಒಪೆರಾ ಹೌಸ್, ಪೆರೇಡ್ ಮೈದಾನದ ಹತ್ತಿರ ಬಿ.ಆರ್.ವಿ. ಮುಂದೆ ಹಲಸೂರಿನ ಕಡೆಗೆ ಲಿಡೊ, ರೆಸಿಡೆನ್ಸಿ ರಸ್ತೆಯಲ್ಲಿ ಗ್ಯಾಲಕ್ಸಿ. ಇವುಗಳ ಪರದೆಯ ಮೇಲೆ ಓಡುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷ್. ಶಿವಾಜಿನಗರ, ಹಲಸೂರಿನ ಉಳಿದ ಟಾಕೀಸುಗಳಲ್ಲಿ ತಮಿಳು, ಹಿಂದಿ. ಕನ್ನಡ ಸಿನಿಮಾ ಬೇಕೆಂದರೆ ಮೆಜೆಸ್ಟಿಕ್ ಕಡೆಗೆ ಹೋಗಬೇಕಿತ್ತು. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮುಂತಾದವರು ಬೆಂಗಳೂರಿನಲ್ಲಿ ಕನ್ನಡಕ್ಕೆ ಜಾಗ ಬೇಕು ಎಂದು ಬೀದಿಗಿಳಿದಾಗ ಅದರ ಹಿಂದೆ ಈ ನೋವೂ ಇತ್ತು.

ಇಂಗ್ಲಿಷ್ ಸಿನಿಮಾ ಬೇರೆ, ಯುರೋಪಿನ ಸಿನಿಮಾ ಬೇರೆ

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪ್ಲಾಜಾ, ರೆಕ್ಸ್‌ಗಳಲ್ಲಿ ಬರುತ್ತಿದ್ದದ್ದು ಬಹುಪಾಲು ಅಮೆರಿಕದ ಹಾಲಿವುಡ್ ಸಿನಿಮಾ, ಜೊತೆಗೆ ಒಂದಿಷ್ಟು ಬ್ರಿಟನ್ನಿನದು. ಇಟಲಿಯ ಡಿ ಸಿಕಾ, ಸ್ವೀಡನ್ನಿನ ಬರ್ಗ್‌ಮನ್, ಫ್ರಾನ್ಸಿನ ಬ್ರೆಸೊ ಮಾಡಿದ ಸಿನಿಮಾಗಳು ಆ ಟಾಕೀಸುಗಳ ವ್ಯಾಪಾರಕ್ಕೆ ಹೊಂದುವಂಥವಲ್ಲ. ‘ಫಾರಿನ್ ಫಿಲಂ’ ಎಂದು ಪೋಸ್ಟರ್ ಅಂಟಿಸಿ ಬೆಳಗಿನ ಆಟಕ್ಕೆ ಜನ ಸೇರಿಸುತ್ತಿದ್ದ ಸಿನಿಮಾಗಳ ಕಥೆ ನಿಮಗೆ ಗೊತ್ತೇ ಇದೆ. ಆ ಹೆಸರು ಕೆಟ್ಟಿದ್ದು ಅಲ್ಲಿಂದಲೇ.

ನಿಜವಾದ ಯುರೋಪಿನ ಸಿನಿಮಾ ಬಂದದ್ದು ಬೇರೆ ಬಾಗಿಲಿನಿಂದ. ಒಂದು, ಫಿಲಂ ಸೊಸೈಟಿಗಳು. ಎರಡು, ವಿದೇಶಿ ಸಾಂಸ್ಕೃತಿಕ ಕೇಂದ್ರಗಳು.

1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮತ್ತು ಗೆಳೆಯರು ಕಲ್ಕತ್ತಾ ಫಿಲಂ ಸೊಸೈಟಿ ಕಟ್ಟಿದರು. 1959ರಲ್ಲಿ ದೇಶದ ಸೊಸೈಟಿಗಳ ಒಕ್ಕೂಟ ಆಯಿತು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಫಿಲಂ ಆರ್ಕೈವ್ ಬಂತು. ಬೆಂಗಳೂರಿನಲ್ಲಿ 1971ರಲ್ಲಿ ಸುಚಿತ್ರಾ ಫಿಲಂ ಸೊಸೈಟಿ ಹುಟ್ಟಿತು. ವರ್ಷಕ್ಕಿಷ್ಟು ಎಂದು ಚಂದಾ ಕೊಟ್ಟವರು ಸದಸ್ಯರು. ತಗಡಿನ ಪೆಟ್ಟಿಗೆಯಲ್ಲಿ ರೀಲುಗಳು ಬರುತ್ತಿದ್ದವು, ಸದಸ್ಯರು ನೋಡಿ, ಚರ್ಚೆ ಮಾಡಿ, ಮುಂದಿನ ಊರಿಗೆ ಕಳಿಸುತ್ತಿದ್ದರು. ಸದಸ್ಯರಿಗೆ ಮಾತ್ರ ತೋರಿಸುವ ಸಿನಿಮಾ ಎಂಬ ಕಾರಣಕ್ಕೆ ಸೆನ್ಸಾರ್ ಕತ್ತರಿಯಿಂದ ವಿನಾಯಿತಿ ಇತ್ತು. ಕತ್ತರಿಸದ ಸಿನಿಮಾ ಎಂಬ ಒಂದೇ ಆಸೆಗೆ ಚಂದಾ ಕೊಟ್ಟವರೂ ಇದ್ದರು. ಅವರು ಎರಡು ವಾರ ಬಂದು ಮೂರನೇ ವಾರ ಕಾಣೆಯಾಗುತ್ತಿದ್ದರು ಎಂಬುದು ಫಿಲಂ ಸೊಸೈಟಿಯವರ ಹಳೆಯ ತಮಾಷೆ.

ಸಾಂಸ್ಕೃತಿಕ ಕೇಂದ್ರಗಳು ಇದ್ದದ್ದು ದಂಡಿನ ಕಡೆಗೆ. ಜರ್ಮನಿಯವರ ಮ್ಯಾಕ್ಸ್ ಮುಲ್ಲರ್ ಭವನ 1960ರಲ್ಲಿ ಬೆಂಗಳೂರಿಗೆ ಬಂತು. ಲ್ಯಾವೆಲ್ ರಸ್ತೆಯಲ್ಲಿದ್ದ ಅದು ಈಗ ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿದೆ. ಫ್ರೆಂಚರ ಅಲಿಯಾನ್ಸ್ ಫ್ರಾಂಸೇಸ್ ದಂಡು ರೈಲು ನಿಲ್ದಾಣಕ್ಕೆ ಹತ್ತಿರ, ವಸಂತನಗರದ ತಿಮ್ಮಯ್ಯ ರಸ್ತೆಯಲ್ಲಿ. ಫಾಸ್‌ಬಿಂಡರ್, ಹೆರ್ಜೋಗ್, ವೆಂಡರ್ಸ್, ತ್ರುಫೊ ಇವರ ಹೆಸರುಗಳನ್ನು ಬೆಂಗಳೂರಿನ ಎಷ್ಟೋ ಮಂದಿ ಮೊದಲು ಕೇಳಿದ್ದು ಇಂಥ ಸಭಾಂಗಣಗಳಲ್ಲಿ.

ಎರಡೂ ಬಾಗಿಲು ಕಿರಿದಾಗಿದ್ದವು. ಪರದೆಯ ಕೆಳಗಿನ ಅಕ್ಷರ ಇಂಗ್ಲಿಷ್. ಚರ್ಚೆಯ ಭಾಷೆ ಹೆಚ್ಚಾಗಿ ಇಂಗ್ಲಿಷ್. ಹೊರಗಿನಿಂದ ಬಂದ ಹುಡುಗನಿಗೆ ಒಳಗೆ ಹೋಗಲು ಯಾರೂ ಅಡ್ಡಿ ಮಾಡುತ್ತಿರಲಿಲ್ಲ, ಆದರೆ ಬಾ ಎಂದು ಕರೆಯುವವರೂ ಇರಲಿಲ್ಲ.

ಸಬ್‌ಟೈಟಲ್ ಇಲ್ಲದೆ ನೋಡಿದ ಒಂದು ಸಿನಿಮಾ

ಈಗ ಕಥೆ ತಿರುಗುತ್ತದೆ. 1960ರ ದಶಕದ ಮಧ್ಯದಲ್ಲಿ ಯು.ಆರ್. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದರು. ಅಲ್ಲಿ ತಮ್ಮ ಗುರು ಮಾಲ್ಕಮ್ ಬ್ರಾಡ್‌ಬರಿ ಜೊತೆ ಇಂಗ್ಮರ್ ಬರ್ಗ್‌ಮನ್ನನ ‘ದ ಸೆವೆಂತ್ ಸೀಲ್’ ನೋಡಿದರು. 1957ರ ಸ್ವೀಡಿಷ್ ಸಿನಿಮಾ. ಯುದ್ಧದಿಂದ ಮರಳಿದ ಯೋಧನೊಬ್ಬ ಊರೂರಿಗೆ ಪ್ಲೇಗ್ ಬಡಿದಿರುವುದನ್ನು ನೋಡುತ್ತಾನೆ, ಸಾವಿನ ಜೊತೆ ಚದುರಂಗ ಆಡುತ್ತಾನೆ, ದೇವರು ಯಾಕೆ ಮಾತಾಡುವುದಿಲ್ಲ ಎಂದು ಕೇಳುತ್ತಾನೆ. ಅಂದು ಸಬ್‌ಟೈಟಲ್ ಇರಲಿಲ್ಲ. ಮಾತು ಪೂರ್ತಿ ಅರ್ಥವಾಗದಿದ್ದರೂ ಸಿನಿಮಾ ಮನಸ್ಸಿಗೆ ತಟ್ಟಿತು.

ಅನಂತಮೂರ್ತಿ ಮುಂದೆ ಹಲವು ಸಲ ಹೇಳಿಕೊಂಡ ವಿಷಯ ಇದು: ಯುರೋಪಿನವನು ಮಧ್ಯಯುಗವನ್ನು ಪುಸ್ತಕ ಓದಿ ಕಲ್ಪಿಸಿಕೊಳ್ಳಬೇಕು, ಮಲೆನಾಡಿನ ಅಗ್ರಹಾರದಲ್ಲಿ ಬೆಳೆದ ತನಗೆ ಅದು ನೆನಪಿನಲ್ಲೇ ಇದೆ ಎಂದು ಅವರಿಗೆ ಅನ್ನಿಸಿತು. ಬ್ರಾಡ್‌ಬರಿ ಬರೆಯಲು ಹುರಿದುಂಬಿಸಿದರು. 1965ರಲ್ಲಿ ‘ಸಂಸ್ಕಾರ’ ಕಾದಂಬರಿ ಬಂತು. ಅದರಲ್ಲೂ ಪ್ಲೇಗ್ ಇದೆ, ಅದರಲ್ಲೂ ಧರ್ಮದ ಪ್ರಶ್ನೆಗೆ ಉತ್ತರ ಸಿಗದೆ ಅಲೆಯುವ ಒಬ್ಬ ಮನುಷ್ಯನಿದ್ದಾನೆ.

ಇದು ನಕಲು ಅಲ್ಲ. ಪಕ್ಕದ ಮನೆಯ ದೀಪ ನೋಡಿ ನಮ್ಮ ಮನೆಯ ಕತ್ತಲೆ ಗೊತ್ತಾಗುವುದುಂಟಲ್ಲ, ಹಾಗೆ.

1970ರಲ್ಲಿ ‘ಸಂಸ್ಕಾರ’ ಸಿನಿಮಾ ಆಯಿತು. ನಿರ್ದೇಶಕರು ಪಟ್ಟಾಭಿರಾಮ ರೆಡ್ಡಿ. ಪ್ರಾಣೇಶಾಚಾರ್ಯನಾಗಿ ಗಿರೀಶ್ ಕಾರ್ನಾಡ್, ನಾರಾಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಚಿತ್ರೀಕರಣ ಶೃಂಗೇರಿ ಸೀಮೆಯ ವೈಕುಂಠಪುರದಲ್ಲಿ. ಸ್ಟುಡಿಯೊ ಸೆಟ್ಟು ಇಲ್ಲ, ಹಾಡು ಇಲ್ಲ, ಕಪ್ಪು ಬಿಳುಪು.

ಮದ್ರಾಸಿನ ಸೆನ್ಸಾರ್ ಮಂಡಳಿ ಇದಕ್ಕೆ ಪ್ರಮಾಣಪತ್ರ ಕೊಡಲಿಲ್ಲ. ಜಾತಿಯ ವಿಷಯದಲ್ಲಿ ಗಲಾಟೆಯಾಗುತ್ತದೆ ಎಂಬ ಭಯ. ಮೇಲಿನವರೆಗೂ ಹೋಗಿ ಒಪ್ಪಿಗೆ ಪಡೆದ ಮೇಲೆ ಅದೇ ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಕನ್ನಡಕ್ಕೆ ಬಂದ ಮೊದಲ ಸ್ವರ್ಣಕಮಲ ಅದು. 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಕಂಚಿನ ಚಿರತೆ ಪ್ರಶಸ್ತಿ.

ಸಿನಿಮಾ ಮಾಡಿದವರು ಬೆಲೆ ತೆತ್ತರು. ಸ್ನೇಹಲತಾ ರೆಡ್ಡಿ ಅವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ ಬಂಧಿಸಿ ಬೆಂಗಳೂರಿನ ಜೈಲಿನಲ್ಲಿ ಇಟ್ಟರು. ಅವರಿಗೆ ತೀವ್ರ ಆಸ್ತಮಾ ಇತ್ತು. ಆರೋಗ್ಯ ಹದಗೆಟ್ಟ ಮೇಲೆ ಬಿಟ್ಟರು, 1977ರ ಜನವರಿಯಲ್ಲಿ ತೀರಿಕೊಂಡರು. ಶೋಕಿಗೆ ಸಿನಿಮಾ ಮಾಡಿದವರ ಕಥೆ ಇದಲ್ಲ.

‘ಸಂಸ್ಕಾರ’ಕ್ಕೂ ಮೊದಲು ದಾರಿ ಸವೆಸಿದವರು ಇದ್ದರು. ಎಂ.ವಿ. ಕೃಷ್ಣಸ್ವಾಮಿ ಇಟಲಿಗೆ ಹೋಗಿ ರೊಸೆಲಿನಿ ಹತ್ತಿರ ಕೆಲಸ ಕಲಿತು ಬಂದವರು. ಅವರ ‘ಸುಬ್ಬಾಶಾಸ್ತ್ರಿ’ 1966ರಲ್ಲಿ ಬಂತು. ಎ.ಎನ್. ಮೂರ್ತಿರಾಯರು ಫ್ರೆಂಚ್ ನಾಟಕಕಾರ ಮೊಲಿಯೇರನ ‘ತಾರ್ತುಫ್’ ಅನ್ನು ಕನ್ನಡಕ್ಕೆ ಒಗ್ಗಿಸಿ ಬರೆದ ‘ಆಷಾಢಭೂತಿ’ ಅದಕ್ಕೆ ಮೂಲ. ಎನ್. ಲಕ್ಷ್ಮೀನಾರಾಯಣ್ 1964ರಲ್ಲೇ ‘ನಾಂದಿ’ ಮಾಡಿದ್ದರು, ಅದೂ ರಾಜ್‌ಕುಮಾರ್ ಅವರನ್ನೇ ಹಾಕಿಕೊಂಡು. ಆಮೇಲೆ ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’ ಸಾಲಾಗಿ ಬಂದವು. ಬಿ.ವಿ. ಕಾರಂತರ ‘ಚೋಮನ ದುಡಿ’ಗೂ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೂ ಸ್ವರ್ಣಕಮಲ ಸಿಕ್ಕಿತು.

1980ರಲ್ಲಿ ಭಾರತ ಸರ್ಕಾರದ ಫಿಲ್ಮೋತ್ಸವ ಬೆಂಗಳೂರಿನಲ್ಲೇ ನಡೆಯಿತು, 1992ರಲ್ಲಿ ಅಂತಾರಾಷ್ಟ್ರೀಯ ಚಿತ್ರೋತ್ಸವವೂ ಬಂತು. ಲೋಕದ ಸಿನಿಮಾ ಬೆಂಗಳೂರಿನ ದೊಡ್ಡ ಪರದೆಗೆ ಬಂದ ದಿನಗಳವು.

ಹೆಗ್ಗೋಡು ಮಾಡಿ ತೋರಿಸಿದ್ದು

ಬೆಂಗಳೂರಿನ ಸೊಸೈಟಿಗಳು ಬಿಟ್ಟ ಕೆಲಸವನ್ನು ಒಂದು ಹಳ್ಳಿ ಮಾಡಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಅಡಿಕೆ ಬೆಳೆಯುತ್ತಿದ್ದ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ನೀನಾಸಮ್ ಕಟ್ಟಿದ್ದರು. ನಾಟಕದ ಜೊತೆಗೆ 1973ರಲ್ಲಿ ನೀನಾಸಮ್ ಚಿತ್ರಸಮಾಜವನ್ನೂ ಶುರು ಮಾಡಿದರು. ತೋಟದ ಕೆಲಸ ಮುಗಿಸಿ ಬಂದವರು, ಮನೆಯ ಹೆಂಗಸರು, ಮೇಷ್ಟ್ರುಗಳು, ಹುಡುಗರು ಕೂತು ‘ಬೈಸಿಕಲ್ ಥೀವ್ಸ್’, ‘ಪಥೇರ್ ಪಾಂಚಾಲಿ’, ‘ರಾಶೊಮನ್’ ನೋಡಿದರು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಹೆಗ್ಗೋಡಿಗೆ ಬಂದು ಸಿನಿಮಾ ನೋಡುವುದು ಹೇಗೆಂದು ಪಾಠ ಮಾಡಿದರು. ಸುಬ್ಬಣ್ಣ ಸಿನಿಮಾ ಬಗ್ಗೆ ಕನ್ನಡದಲ್ಲೇ ಬರೆದರು, ಪುಸ್ತಕ ತಂದರು. ಅಲ್ಲಿಂದ ಸಿನಿಮಾ ಬೇರೆ ಹಳ್ಳಿಗಳಿಗೂ ಹೋಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹೆಗ್ಗೋಡು ಮಾಡಿದ್ದು ಬಹಳ ಸರಳ. ಸಿನಿಮಾ ಶುರುವಾಗುವ ಮುಂಚೆ ಕಥೆ ಏನು, ಯಾವ ದೇಶ, ಯಾವ ಕಾಲ ಎಂದು ಕನ್ನಡದಲ್ಲಿ ಹೇಳುವುದು. ಮುಗಿದ ಮೇಲೆ ಜನರ ಮಾತು ಕೇಳುವುದು. ಹರಿಕಥೆ, ತಾಳಮದ್ದಳೆ ಕೇಳಿ ಬೆಳೆದ ನಮ್ಮ ಜನಕ್ಕೆ ಅರ್ಥ ಹೇಳುವುದು ಹೊಸದಲ್ಲ. ಇಂಗ್ಲಿಷ್ ಸಬ್‌ಟೈಟಲ್ ಓದಲು ಬಾರದಿದ್ದರೆ ಯುರೋಪಿನ ಸಿನಿಮಾ ಅರ್ಥವಾಗುವುದಿಲ್ಲ ಎಂಬ ಮಾತನ್ನು ಹೆಗ್ಗೋಡು ಸುಳ್ಳು ಮಾಡಿತು.

ಏನು ನೋಡಬೇಕು? ನನ್ನ ಅಭಿಪ್ರಾಯ

ಪಟ್ಟಿ ಕೊಟ್ಟರೆ ನೂರು ಹೆಸರಾಗುತ್ತದೆ. ಹಳ್ಳಿಯಿಂದ ಶುರು ಮಾಡುವವರಿಗೆ ಮೂರು ಸಾಕು.

ಒಂದು, ವಿಟ್ಟೊರಿಯೊ ಡಿ ಸಿಕಾನ ‘ಬೈಸಿಕಲ್ ಥೀವ್ಸ್’ (1948). ಯುದ್ಧ ಮುಗಿದ ರೋಮ್ ನಗರ. ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿದೆ, ಸೈಕಲ್ ಇದ್ದರೆ ಮಾತ್ರ ಕೆಲಸ. ಮೊದಲ ದಿನವೇ ಸೈಕಲ್ ಕಳವಾಗುತ್ತದೆ. ಅಪ್ಪ, ಮಗ ಊರೆಲ್ಲ ಹುಡುಕುತ್ತಾರೆ. ಕೊನೆಗೆ ಅಪ್ಪನೇ ಇನ್ನೊಬ್ಬರ ಸೈಕಲ್ ಕದಿಯಲು ಹೋಗಿ ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ. ಅಪ್ಪನ ಪಾತ್ರ ಮಾಡಿದವನು ನಟನಲ್ಲ, ಕಾರ್ಖಾನೆಯ ಕೆಲಸಗಾರ. 1950ರಲ್ಲಿ ಲಂಡನ್ನಿನಲ್ಲಿ ಇದನ್ನು ನೋಡಿಯೇ ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ಯನ್ನು ಹೊರಗಿನ ಬೆಳಕಿನಲ್ಲಿ, ಹೊಸಬರನ್ನು ಹಾಕಿಕೊಂಡು ಮಾಡುವ ಧೈರ್ಯ ಮಾಡಿದರು.

ಎರಡು, ಎರ್ಮನ್ನೊ ಓಲ್ಮಿಯ ‘ದ ಟ್ರೀ ಆಫ್ ವುಡನ್ ಕ್ಲಾಗ್ಸ್’ (1978). ಉತ್ತರ ಇಟಲಿಯ ಬೆರ್ಗಮೊ ಸೀಮೆ, ನೂರು ವರ್ಷಕ್ಕೂ ಹಿಂದಿನ ಕಾಲ. ಒಬ್ಬ ಜಮೀನ್ದಾರನ ವಠಾರದಲ್ಲಿ ನಾಲ್ಕು ಗೇಣಿದಾರ ಕುಟುಂಬ. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಒಡೆಯನಿಗೆ. ಒಬ್ಬ ಹುಡುಗ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗುತ್ತಾನೆ. ಅವನ ಮರದ ಪಾದರಕ್ಷೆ ಮುರಿಯುತ್ತದೆ. ಅಪ್ಪ ರಾತ್ರಿ ಕದ್ದು ಒಡೆಯನ ಒಂದು ಮರ ಕಡಿದು ಹೊಸದು ಮಾಡಿಕೊಡುತ್ತಾನೆ. ಒಡೆಯನಿಗೆ ಗೊತ್ತಾಗುತ್ತದೆ, ಕುಟುಂಬ ಮೂಟೆ ಕಟ್ಟಿಕೊಂಡು ಹೊರಡಬೇಕಾಗುತ್ತದೆ. ನಟಿಸಿದವರು ಆ ಸೀಮೆಯ ರೈತರು. ಅವರು ಆಡುವುದು ಪುಸ್ತಕದ ಇಟಾಲಿಯನ್ ಅಲ್ಲ, ಬೆರ್ಗಮೊದ ಆಡುಮಾತು. ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಇದಕ್ಕೇ ಬಂತು. ಸಿನಿಮಾ ಮೂರು ಗಂಟೆ ಇದೆ, ನಿಧಾನವೂ ಹೌದು. ಆದರೆ ಹಸುವಿಗೆ ಕಾಯಿಲೆ ಬಂದಾಗ ಮನೆಯವರ ಮುಖ ಹೇಗಾಗುತ್ತದೆ ಎಂಬುದು ಗೊತ್ತಿರುವವರಿಗೆ ಆ ನಿಧಾನ ಕಷ್ಟವಾಗುವುದಿಲ್ಲ. ನಮ್ಮಲ್ಲಿ 1974ರ ಭೂಸುಧಾರಣೆಗೆ ಮುಂಚಿನ ಗೇಣಿಯ ದಿನ ನೆನಪಿರುವ ಹಿರಿಯರು ಮನೆಯಲ್ಲಿದ್ದರೆ ಜೊತೆಗೆ ಕೂರಿಸಿಕೊಂಡು ನೋಡಿ.

ಮೂರು, ಆಲಿಸ್ ರೋರ್ವಾಕರ್‌ಳ ‘ಹ್ಯಾಪಿ ಆ್ಯಸ್ ಲಜ್ಜಾರೊ’ (2018). ಗೇಣಿ ಪದ್ಧತಿ ರದ್ದಾಗಿ ವರ್ಷಗಳೇ ಆಗಿವೆ, ಆದರೆ ಮೂಲೆಯ ಹಳ್ಳಿಯೊಂದರ ಜನಕ್ಕೆ ಆ ವಿಷಯ ಹೇಳದೆ ಒಡತಿ ದುಡಿಸಿಕೊಳ್ಳುತ್ತಿದ್ದಾಳೆ. ಜೀತ ಅಂದರೇನೆಂದು ಬಲ್ಲ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದರ ಜೊತೆ ಇನ್ನೊಂದು ಮಾತನ್ನೂ ಹೇಳುತ್ತೇನೆ. ದೊಡ್ಡ ಹೆಸರಿನ ಎಲ್ಲ ಸಿನಿಮಾವೂ ಇಷ್ಟವಾಗಲೇಬೇಕೆಂದಿಲ್ಲ. ಗೊದಾರ್‌ನ ಹಲವು ಸಿನಿಮಾ ನನಗೆ ತಲೆಗೆ ಹತ್ತುತ್ತವೆ, ಎದೆಗೆ ಇಳಿಯುವುದಿಲ್ಲ. ಬಡತನವನ್ನು ಹೊರದೇಶದವರಿಗೆ ತೋರಿಸಲಿಕ್ಕೆಂದೇ ಜೋಡಿಸಿದ ಸಿನಿಮಾಗಳೂ ಇವೆ, ಕನ್ನಡದಲ್ಲೂ ಇವೆ. ಬೇಜಾರಾದರೆ ಎದ್ದು ಹೋಗುವ ಹಕ್ಕು ಯಾವಾಗಲೂ ನಿಮ್ಮದು. ನೋಡುವ ಮುಂಚೆಯೇ ‘ನಮಗಲ್ಲ’ ಎಂದುಬಿಡುವುದು ಮಾತ್ರ ಬೇಡ.

ಈಗ ನಮ್ಮೂರಿನವರೇ ನಟರು

2015ರಲ್ಲಿ ಲೊಕಾರ್ನೊದಲ್ಲಿ ಕನ್ನಡಕ್ಕೆ ಮತ್ತೆ ಪ್ರಶಸ್ತಿ ಬಂತು. ರಾಮ್ ರೆಡ್ಡಿಯವರ ‘ತಿಥಿ’. ‘ಸಂಸ್ಕಾರ’ ಗೆದ್ದ 43 ವರ್ಷದ ಮೇಲೆ, ಅದೇ ಊರಿನಲ್ಲಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ನಟರು, ಕಥೆಗೆ ಜೊತೆಯಾದವರು ಈರೇಗೌಡ. ಗಡ್ಡಪ್ಪ, ಸೆಂಚುರಿ ಗೌಡ ಮನೆಮಾತಾದರು. ‘ಅವಾರ್ಡ್ ಸಿನಿಮಾ’ ನೋಡುತ್ತ ಜನ ಬಿದ್ದು ಬಿದ್ದು ನಕ್ಕರು.

2013ರಲ್ಲಿ ಪವನ್ ಕುಮಾರ್ ಜನರಿಂದಲೇ ಹಣ ಸಂಗ್ರಹಿಸಿ ‘ಲೂಸಿಯಾ’ ಮಾಡಿದ್ದರು. 2022ರಲ್ಲಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಗೆದ್ದಿತು. ಕೊಪ್ಪಳ ಜಿಲ್ಲೆಯ ಅದೇ ಹಳ್ಳಿಯಲ್ಲಿ ತೆಗೆದದ್ದು. ಚೈನ್ ಬಿಸಿನೆಸ್ಸಿಗೆ ದುಡ್ಡು ಹಾಕಿ ಬದುಕು ಬದಲಿಸಲು ಹೊರಟ ಹೆಂಗಸಿನ ಕಥೆ. ಇಂಥ ಒಬ್ಬರು ಪ್ರತಿ ಊರಲ್ಲೂ ಇದ್ದಾರೆ. ನಟೇಶ್ ಹೆಗಡೆಯವರ ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗಕ್ಕೆ ಹೋಯಿತು. ಹಳೆಯ ‘ಘಟಶ್ರಾದ್ಧ’ವನ್ನು ದುರಸ್ತಿ ಮಾಡಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು.

ಸಂತೋಷದ ವಿಷಯ. ಆದರೆ ಲೆಕ್ಕ ಹಾಕಿ ನೋಡಿ. ಶೃಂಗೇರಿ ಸೀಮೆಯ, ಮಂಡ್ಯದ, ಕೊಪ್ಪಳದ ಹಳ್ಳಿಗಳು ಲೊಕಾರ್ನೊ, ಬೂಸಾನ್, ವೆನಿಸ್ ತಲುಪಿವೆ. ಅವೇ ಸಿನಿಮಾಗಳು ಪಕ್ಕದ ತಾಲ್ಲೂಕು ತಲುಪುವುದು ಕಷ್ಟವಾಗಿದೆ.

ಪರದೆ ಎಲ್ಲಿ ಕಟ್ಟಬೇಕು?

ದಂಡಿನ ಹಳೆಯ ಟಾಕೀಸುಗಳು ಹೋದವು. ಪ್ಲಾಜಾ ಇದ್ದ ಜಾಗ ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣಕ್ಕೆ ಹೋಯಿತು. ಲಿಡೊ ಇದ್ದಲ್ಲಿ ಮಾಲ್ ಇದೆ. ಒಪೆರಾ ಹೌಸ್ ಮೊಬೈಲ್ ಕಂಪನಿಯ ಮಳಿಗೆಯಾಗಿದೆ. ರೆಕ್ಸ್ 2018ರ ಕೊನೆಗೆ ಮುಚ್ಚಿತು. 2006ರಲ್ಲಿ ಶುರುವಾದ ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವ ಸರ್ಕಾರದ ಹಣದಲ್ಲಿ ನಡೆಯುತ್ತದೆ, ಅದೂ ಮಾಲ್ ಸೇರಿಕೊಂಡಿದೆ. ಮಾಲೂರು, ಬಂಗಾರಪೇಟೆ ಕಡೆಯವರಿಗೆ ಈಗ ದಾರಿಯೇನೋ ಸುಲಭ. ಕೆ.ಆರ್. ಪುರದಲ್ಲಿ ರೈಲಿಳಿದು ಮೆಟ್ರೊ ಹತ್ತಿದರೆ ಇಂದಿರಾನಗರ. ನಿಲ್ದಾಣ ಇರುವುದೇ ಸಿ.ಎಂ.ಎಚ್. ರಸ್ತೆಯಲ್ಲಿ, ಜರ್ಮನ್ ಕೇಂದ್ರವೂ ಅದೇ ರಸ್ತೆಯಲ್ಲಿ. ಆದರೆ ಸಂಜೆಯ ಸಿನಿಮಾ ಮುಗಿಸಿ ರಾತ್ರಿ ಊರು ಸೇರುವುದು ಹೇಗೆ? ಬೆಳಿಗ್ಗೆ ಹಾಲು ಕರೆಯುವವರು ಯಾರು?

ಲೊಕಾರ್ನೊದ ಒಂದು ವಿಶೇಷ ಹೇಳಬೇಕು. ಅಲ್ಲಿ ಊರಿನ ದೊಡ್ಡ ಚೌಕದಲ್ಲಿ, ಬಯಲಿನಲ್ಲಿ ಪರದೆ ಕಟ್ಟುತ್ತಾರೆ. ರಾತ್ರಿ ಸುಮಾರು 8 ಸಾವಿರ ಜನ ಕುರ್ಚಿ ಹಾಕಿಕೊಂಡು ಆಕಾಶದ ಕೆಳಗೆ ನೋಡುತ್ತಾರೆ. ಜಾತ್ರೆಯಲ್ಲಿ ಡೇರೆ ಸಿನಿಮಾ ನೋಡಿದ, ಗಣಪತಿ ಪೆಂಡಾಲಿನ ಮುಂದೆ ಬಿಳಿ ಪಂಚೆ ಕಟ್ಟಿ ವಿಡಿಯೊ ನೋಡಿದ ನಮಗೆ ಇದೇನು ಹೊಸತೇ?

ಈಗ ರೀಲಿನ ಪೆಟ್ಟಿಗೆ ಬೇಡ. ಎಷ್ಟೋ ಪ್ರೌಢಶಾಲೆಗಳಲ್ಲಿ ಪ್ರೊಜೆಕ್ಟರ್ ಇದೆ, ಗ್ರಾಮ ಪಂಚಾಯಿತಿಯಲ್ಲಿ ಗ್ರಂಥಾಲಯವಿದೆ. ಇಲ್ಲದಿರುವುದು ಎರಡೇ. ಒಂದು, ಕನ್ನಡ ಸಬ್‌ಟೈಟಲ್. ಬೆಂಗಳೂರು ಚಿತ್ರೋತ್ಸವಕ್ಕೆ ಖರ್ಚಾಗುವ ಹಣದಲ್ಲಿ ಒಂದು ಸಣ್ಣ ಪಾಲನ್ನು ಪ್ರತಿ ವರ್ಷ ಹತ್ತು ಸಿನಿಮಾಗಳಿಗೆ ಕನ್ನಡ ಅಕ್ಷರ ಕೂಡಿಸಲು, ಹಕ್ಕು ಪಡೆದು ಜಿಲ್ಲೆಗಳಿಗೆ ಕಳಿಸಲು ಇಡಬಹುದು. ಚಲನಚಿತ್ರ ಅಕಾಡೆಮಿಯನ್ನು ಇದನ್ನು ಕೇಳುವ ಹಕ್ಕು ತೆರಿಗೆ ಕಟ್ಟುವ ಹಳ್ಳಿಯವರಿಗೂ ಇದೆ. ಎರಡು, ಸಿನಿಮಾ ಶುರುವಾಗುವ ಮುಂಚೆ ಎದ್ದುನಿಂತು ಹತ್ತು ನಿಮಿಷ ಕನ್ನಡದಲ್ಲಿ ಮಾತಾಡುವ ಒಬ್ಬರು. ಅದಕ್ಕೆ ಅಕಾಡೆಮಿ ಬೇಕಿಲ್ಲ. ನಿಮ್ಮೂರಿನ ಒಬ್ಬ ಮೇಷ್ಟ್ರು, ಒಬ್ಬ ಕಾಲೇಜು ಹುಡುಗಿ ಸಾಕು. ‘ಬೈಸಿಕಲ್ ಥೀವ್ಸ್’ ಒಂದೂವರೆ ಗಂಟೆಯ ಸಿನಿಮಾ. ರಾತ್ರಿ ಊಟಕ್ಕೆ ಮುಂಚೆ ಮುಗಿಯುತ್ತದೆ.